ಕಲ್ಲು ಕೆಂಪಾದ ದೃಶ್ಯ: ಓಬವ್ವ ನಾಟಕದ ಒಂದು ಪ್ರಕರಣ

ಚಿತ್ರದುರ್ಗದ ಜನಕ್ಕೆ ಓಬವ್ವನ ನಾಟಕ ತೋರಿಸುವುದು ಅಂದ್ರೆ ಅಡುಗೆ ಭಟ್ಟರ ಮನೆಗೆ ಹೋಗಿ ನಾವೇ ಸಾರು ಮಾಡಿ ಬಡಿಸಿದ ಹಾಗೆ. ಕಿಂಡಿ ಎಷ್ಟು ಅಗಲ ಇದೆ, ನೀರಿನ ಸೆಲೆ ತಣ್ಣೀರು ದೋಣಿ ಎಲ್ಲಿದೆ, ಓಬವ್ವ ಯಾವ ಕಡೆ ನಿಂತಿರಬೇಕು, ಎಲ್ಲ ಅವರಿಗೆ ಗೊತ್ತು. ಶಾಲೆಯ ಪ್ರವಾಸದಲ್ಲಿ ಆ ಕಿಂಡಿಯೊಳಗೆ ತೂರಿ ಮೊಣಕೈ ತರಚಿಕೊಂಡವರೇ ಮುಂದಿನ ಸಾಲಿನಲ್ಲಿ ಕೂತಿರುತ್ತಾರೆ. ಸಾಲದ್ದಕ್ಕೆ ಸಿನಿಮಾದಲ್ಲಿ ನೋಡಿದ ಓಬವ್ವ ಬೇರೆ ಎಲ್ಲರ ಕಣ್ಣಲ್ಲಿ ಕೂತಿದ್ದಾಳೆ. ಅವಳ ಜೊತೆ ನಮ್ಮ ಹವ್ಯಾಸಿ ತಂಡದ ಓಬವ್ವ ಪೈಪೋಟಿ ಮಾಡಬೇಕು.

ಈ ಬರಹ ಆ ನಾಟಕದ ಒಂದೇ ದೃಶ್ಯದ ಬಗ್ಗೆ. ಕಿಂಡಿಯ ದೃಶ್ಯ. ಒಂಬತ್ತು ನಿಮಿಷ. ಅದಕ್ಕೆ ನಾವು ಎರಡು ತಿಂಗಳು ಒದ್ದಾಡಿದೆವು. ಹೊಗೆ, ಬೆಂಕಿ, ಒನಕೆ ಏಟು, ಹೆಣಗಳ ರಾಶಿ, ರಕ್ತ. ಇದರಲ್ಲಿ ಯಾವುದು ನಡೆಯಿತು, ಯಾವುದು ಕೈಕೊಟ್ಟಿತು, ಎಲ್ಲಿ ನಾನೇ ಪೆದ್ದನಾದೆ ಅಂತ ಬರೆದಿಟ್ಟರೆ ಇಂಥ ಕೆಲಸಕ್ಕೆ ಕೈ ಹಾಕುವ ಇನ್ನೊಬ್ಬರಿಗೆ ಸ್ವಲ್ಪ ದುಡ್ಡು, ಸ್ವಲ್ಪ ಚರ್ಮ ಉಳಿದೀತು. ನಾನು ಹೊಟ್ಟೆಪಾಡಿಗೆ ಎಲೆಕ್ಟ್ರಿಕಲ್ ಅಂಗಡಿ ಇಟ್ಟವನು. ಸಂಜೆ ಹೊತ್ತು ನಾಟಕದವರಿಗೆ ಲೈಟು ಕಟ್ಟುತ್ತೇನೆ. ಲೈಟು ಕಟ್ಟುವವನಿಗೇ ಹೊಗೆ, ಬೆಂಕಿ, ರಕ್ತ ಎಲ್ಲ ಗಂಟು ಬೀಳುವುದು ನಮ್ಮ ಕಡೆಯ ಪದ್ಧತಿ.

ಹೊರಗಿನವರಿಗಾಗಿ ಕಥೆ ಎರಡೇ ಮಾತಲ್ಲಿ ಹೇಳುತ್ತೇನೆ. ಮದಕರಿ ನಾಯಕನ ಕಾಲ. ಹೈದರಾಲಿ ಕೋಟೆಗೆ ಮುತ್ತಿಗೆ ಹಾಕಿದ್ದಾನೆ. ಕಾವಲುಗಾರ ಕಹಳೆ ಮುದ್ದಹನುಮ ಊಟಕ್ಕೆ ಮನೆಗೆ ಬರುತ್ತಾನೆ, ಅವನ ಹೆಂಡತಿ ಓಬವ್ವ ನೀರು ತರಲು ಹೋಗುತ್ತಾಳೆ, ಬಂಡೆಗಳ ನಡುವಿನ ಕಿಂಡಿಯಲ್ಲಿ ಶತ್ರು ಸೈನಿಕರು ತೂರಿ ಬರುವುದು ಕಾಣುತ್ತದೆ. ಒಬ್ಬರಿಗಿಂತ ಜಾಸ್ತಿ ಜನ ಒಟ್ಟಿಗೆ ನುಗ್ಗಲಾರದ ಕಿಂಡಿ. ಒನಕೆ ಹಿಡಿದು ನಿಂತು ಬಂದವರನ್ನು ಬಂದ ಹಾಗೇ ಹೊಡೆದು, ಹೆಣ ಪಕ್ಕಕ್ಕೆ ಎಳೆದು, ಮುಂದಿನವನಿಗೆ ಕಾಯುತ್ತಾಳೆ. ಕೋಟೆ ಕೊನೆಗೆ 1779ರಲ್ಲಿ ಹೈದರನ ಕೈಸೇರಿತು, ಅದು ಬೇರೆ ಅಂಕ.

ನಮಗೆ ಸಿಕ್ಕಿದ್ದು ಬಯಲು ವೇದಿಕೆ. 30 ಅಡಿ ಅಗಲ, 20 ಅಡಿ ಆಳ, ಹಿಂದೆ ಗೋಡೆ ಇಲ್ಲ, ಮೇಲೆ ಸೂರಿಲ್ಲ. ಪ್ರದರ್ಶನ ಆಷಾಢ ಮುಗಿಯುವ ಹೊತ್ತಿಗೆ. ದುರ್ಗದ ಆಷಾಢದ ಗಾಳಿ ಗೊತ್ತಿರುವವರು ಇಲ್ಲೇ ನಕ್ಕುಬಿಡುತ್ತಾರೆ. ನಮ್ಮೂರ ಸುತ್ತಿನ ಗುಡ್ಡಗಳ ಮೇಲೆ ಗಾಳಿಯಂತ್ರ ನೆಟ್ಟವರು ಸುಮ್ನೆ ನೆಟ್ಟಿಲ್ಲ. ಆ ಗಾಳಿಯಲ್ಲಿ ನಿಂತು ನಿರ್ದೇಶಕರು ಕೊಟ್ಟ ಪಟ್ಟಿಯ ಮೊದಲ ಸಾಲು: ಹೊಗೆ.

ಅವರನ್ನು ಪೂರ್ತಿ ತಪ್ಪು ಅನ್ನುವಂತಿಲ್ಲ. ಅವರಿಗೆ ಹೊಗೆ ಬೇಕಾಗಿದ್ದು ಅಂದಕ್ಕಷ್ಟೇ ಅಲ್ಲ, ಮರೆಗೂ. ಸೈನಿಕರ ಪಾತ್ರಕ್ಕೆ ನಮ್ಮ ಹತ್ತಿರ ಇದ್ದದ್ದು ಐದೇ ಜನ. ಸಾಯಬೇಕಾದವರು ಇಪ್ಪತ್ತು. ಅಂದ್ರೆ ಸತ್ತವನು ಬಂಡೆಯ ಹಿಂದಿನಿಂದ ತೆವಳಿಕೊಂಡು ಹೋಗಿ, ರುಮಾಲು ಬದಲಿಸಿಕೊಂಡು, ಮತ್ತೆ ಕಿಂಡಿಯಲ್ಲಿ ಬರಬೇಕು. ಆ ತೆವಳಾಟ ಪ್ರೇಕ್ಷಕರಿಗೆ ಕಂಡರೆ ದೃಶ್ಯ ನಗೆಪಾಟಲು.

ಮೊದಲು ಬಾಡಿಗೆಗೆ ಫಾಗ್ ಮಷಿನ್ ತಂದೆವು. ಮದುವೆ ಮನೆಯಲ್ಲಿ ಹೆಣ್ಣು ಗಂಡು ಮೋಡದಲ್ಲಿ ನಡೆದು ಬರುತ್ತಾರಲ್ಲ, ಅದೇ ಪೆಟ್ಟಿಗೆ. ಒಳಗೆ ಗ್ಲೈಕಾಲ್ ಬೆರೆಸಿದ ನೀರನ್ನು ಕಾಯಿಸಿ ಆವಿ ಮಾಡಿ ಊದುತ್ತದೆ. ಆ ಆವಿ ಬಿಸಿ ಇರುವುದರಿಂದ ಮೇಲಕ್ಕೇ ಏಳುತ್ತದೆ, ನೆಲಕ್ಕೆ ಕೂರುವುದಿಲ್ಲ. ಕಲ್ಯಾಣ ಮಂಟಪದಲ್ಲಿ ಅದು ನಡೆಯುತ್ತದೆ. ಇಲ್ಲಿ ಮಷಿನ್ ಬಾಯಿಂದ ಹೊರಟ ಹೊಗೆ ಎರಡು ಎಣಿಸುವಷ್ಟರಲ್ಲಿ ತಿರುಗಿ, ವೇದಿಕೆಯ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದ ನಿರ್ದೇಶಕರ ಮುಖಕ್ಕೇ ಹೊಡೆಯಿತು. ಅವರು ಕೆಮ್ಮುತ್ತಲೇ "ಇನ್ನೂ ಜಾಸ್ತಿ ಬಿಡಿ" ಅಂದರು. ಜಾಸ್ತಿ ಬಿಟ್ಟೆ. ಹತ್ತು ನಿಮಿಷದ ಮೇಲೆ ನೋಡಿದರೆ ಮಷಿನ್ ಮುಂದಿನ ಪ್ಲೈವುಡ್ ಮೇಲೆ ಎಣ್ಣೆ ಸವರಿದ ಹಾಗೆ ತೆಳುವಾದ ಜಿಡ್ಡು. ಒಬ್ಬ ಸೈನಿಕ ಒನಕೆ ಏಟು ಬೀಳುವುದಕ್ಕೆ ಮೊದಲೇ ಜಾರಿ ಬಿದ್ದ.

ಆಮೇಲೆ ಡ್ರೈ ಐಸ್. ಇದನ್ನು ಬಿಸಿನೀರಿಗೆ ಹಾಕಿದರೆ ಬರುವ ಬಿಳಿ ಮೋಡ ತಣ್ಣಗಿರುತ್ತದೆ, ಗಾಳಿಗಿಂತ ಭಾರ, ನೆಲದ ಮೇಲೆ ಹಾಲು ಚೆಲ್ಲಿದ ಹಾಗೆ ಹರಿಯುತ್ತದೆ. ನೋಡಲು ಬಲು ಚಂದ, ಅದನ್ನು ಒಪ್ಪುತ್ತೇನೆ. ಬೆಂಗಳೂರಿನಿಂದ ಹತ್ತು ಕೆಜಿ ತರಿಸಿದೆವು. ಥರ್ಮಾಕೋಲ್ ಪೆಟ್ಟಿಗೆಯಲ್ಲಿಟ್ಟು, ಮುಚ್ಚಳ ಬಿಗಿ ಮಾಡದೆ, ಕಾರಿನ ಕಿಟಕಿ ಇಳಿಸಿಕೊಂಡೇ ಇನ್ನೂರು ಕಿಲೋಮೀಟರ್ ಬರಬೇಕು. ಯಾಕೆ ಅಂದ್ರೆ ಡ್ರೈ ಐಸ್ ಅಂದ್ರೆ ಗಟ್ಟಿಯಾದ ಕಾರ್ಬನ್ ಡೈಆಕ್ಸೈಡ್. ಸೊನ್ನೆಗಿಂತ 78 ಡಿಗ್ರಿ ಕೆಳಗೆ ಇರುತ್ತದೆ, ಕರಗಿ ನೀರಾಗುವುದಿಲ್ಲ, ನೇರ ಅನಿಲವಾಗುತ್ತದೆ. ಬಿಗಿಯಾಗಿ ಮುಚ್ಚಿದರೆ ಡಬ್ಬಿ ಸಿಡಿಯುತ್ತದೆ. ಮುಚ್ಚಿದ ಕಾರಿನಲ್ಲಿಟ್ಟರೆ ಡ್ರೈವರಿಗೇ ಉಸಿರು ಕಟ್ಟುತ್ತದೆ. ಬರಿಗೈಲಿ ಮುಟ್ಟಿದರೆ ಸುಟ್ಟ ಹಾಗೆ ಬೊಬ್ಬೆ ಬರುತ್ತದೆ. ನಾವು ಹಿಂದಿನ ದಿನವೇ ತರಿಸಿದ್ದೆವು, ಪೆಟ್ಟಿಗೆ ತೆಳುವಾಗಿತ್ತು. ರಿಹರ್ಸಲ್ ಹೊತ್ತಿಗೆ ಉಳಿದದ್ದು ಆರು ಕೆಜಿ ಚಿಲ್ಲರೆ. ನಾಲ್ಕು ಕೆಜಿಯ ದುಡ್ಡು ಸದ್ದಿಲ್ಲದೆ ಹಾರಿಹೋಗಿತ್ತು.

ಬಿಸಿನೀರಿನ ಡ್ರಮ್ಮಿಗೆ ಹಾಕಿದೆವು. ಮೋಡ ಹರಿಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಗಾಳಿ ಅದನ್ನೂ ಬಾಚಿಕೊಂಡು ಹೋಯಿತು, ಆದರೆ ಬಂಡೆಯ ಹಿಂದೆ ಮಾತ್ರ ಗಾಳಿ ಇರಲಿಲ್ಲ, ಅಲ್ಲಿ ಮೋಡ ಮೊಣಕಾಲುದ್ದ ನಿಂತಿತು. ನಿರ್ದೇಶಕರಿಗೆ ಖುಷಿಯೋ ಖುಷಿ: "ನೋಡಿ, ಎಲ್ಲಿ ಮರೆ ಬೇಕೋ ಅಲ್ಲೇ ನಿಂತಿದೆ!"

ನನಗೆ ಆಗ ತಲೆಗೆ ಹೊಳೆಯಿತು, ಹೊಳೆದ ಮೇಲೆ ಬೆನ್ನು ತಣ್ಣಗಾಯಿತು. ಅದು ಹುಡುಗರು ತೆವಳುವ ಜಾಗ. ಎರಡಡಿ ಎತ್ತರದ, ಹತ್ತಡಿ ಉದ್ದದ, ಗೋಣಿ ಹೊದಿಸಿದ ಸುರಂಗ. ಕಣ್ಣಿಗೆ ಕಾಣುವ ಬಿಳಿ ಮೋಡ ಬರೀ ನೀರಿನ ಹನಿ. ಅದರ ಜೊತೆ ಕಾಣದೆ ಕೂರುವ ಅನಿಲ ಗಾಳಿಗಿಂತ ಒಂದೂವರೆ ಪಟ್ಟು ಭಾರ, ತಗ್ಗಿನಲ್ಲೇ ತುಂಬಿಕೊಳ್ಳುತ್ತದೆ. ಓಡಿ, ಬಿದ್ದು, ಏದುಸಿರು ಬಿಡುತ್ತಾ ಅದರೊಳಗೆ ಮುಖ ತಗ್ಗಿಸಿ ತೆವಳುವ ಹುಡುಗರು ನಾಲ್ಕನೇ ಸುತ್ತಿಗೆ ನಿಜವಾಗಿಯೂ ಬೀಳುತ್ತಾರೆ. ಉಳಿದದ್ದನ್ನು ಬಯಲಿಗೆ ಒಯ್ದು ಮಕ್ಕಳು ನಾಯಿ ಹತ್ತಿರ ಬರದ ಹಾಗೆ ಕಾವಲು ಕೂತು ಆವಿಯಾಗಲು ಬಿಟ್ಟೆವು. ನಿರ್ದೇಶಕರು ಎರಡು ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ.

ಗಂಟು ಬಿಚ್ಚಿದ್ದು ನಮ್ಮ ದೊಡ್ಡಪ್ಪ. ಅವರು ಚಿಕ್ಕ ವಯಸ್ಸಿನಲ್ಲಿ ಕಂಪನಿ ನಾಟಕದ ನೇಪಥ್ಯದಲ್ಲಿ ದುಡಿದವರು. ಪಕ್ಕದ ದಾವಣಗೆರೆ ಅಂದ್ರೆ ಕಂಪನಿ ನಾಟಕದ ತವರು, ಚಿಂದೋಡಿ ಲೀಲಾ ಅವರ ಊರು. ಅಲ್ಲಿ ಕ್ಯಾಂಪ್ ಬಿದ್ದಾಗಲೆಲ್ಲ ಇವರು ಮನೆಯಲ್ಲಿ ಹೇಳದೆ ಓಡುತ್ತಿದ್ದರಂತೆ. ಗುಬ್ಬಿ ಕಂಪನಿ ಕುರುಕ್ಷೇತ್ರಕ್ಕೆ ಆನೆ, ಕುದುರೆಗಳನ್ನೇ ತಂದು ನಿಲ್ಲಿಸಿದ್ದನ್ನು ಇವರು ನೋಡಿಲ್ಲ, ಆದರೂ ನೋಡಿದ ಹಾಗೇ ವರ್ಣಿಸುತ್ತಾರೆ. ರಿಹರ್ಸಲ್ ನೋಡಲು ಬಂದವರು ಎಲೆ ಅಡಿಕೆ ಜಗಿಯುತ್ತಾ ಒಂದೇ ಪ್ರಶ್ನೆ ಕೇಳಿದರು: "ಮುದ್ದಹನುಮ ಊಟಕ್ಕೆ ಬಂದದ್ದು ಮಧ್ಯಾಹ್ನ ಅಲ್ವೇನೋ? ದುರ್ಗದ ಬಂಡೆ ಮೇಲೆ ಮಟಮಟ ಮಧ್ಯಾಹ್ನ ಎಲ್ಲಿಂದ ಬಂತೋ ಮಂಜು?"

ಯಾರೂ ಮಾತಾಡಲಿಲ್ಲ. ಎರಡು ತಿಂಗಳಿಂದ ನಾವು ಹೊಗೆ ನಿಲ್ಲಿಸುವುದು ಹೇಗೆ ಅಂತ ತಲೆ ಕೆಡಿಸಿಕೊಂಡಿದ್ದೆವು, ಹೊಗೆ ಯಾಕೆ ಅಂತ ಒಬ್ಬರೂ ಕೇಳಿರಲಿಲ್ಲ. ಇದು ಬರೀ ನಮ್ಮ ತಂಡದ ಕಾಯಿಲೆ ಅಲ್ಲ. ದೇವರು ಬಂದರೆ ಹೊಗೆ, ಯುದ್ಧ ಆದರೆ ಹೊಗೆ, ಯಾರಾದರೂ ಸತ್ತರೂ ಹೊಗೆ. ಸಾರಿಗೆ ಉಪ್ಪು ಸಾಲದಿದ್ದರೆ ಖಾರ ಸುರಿಯುವ ಹಾಗೆ.

ಮಂಜಿಲ್ಲ ಅಂದ ಮೇಲೆ ಮರೆ ಯಾವುದು? ಅದಕ್ಕೂ ದೊಡ್ಡಪ್ಪನ ಹತ್ತಿರ ಉಪಾಯ ಇತ್ತು. ಟ್ರಿಕ್ ಸೀನಿನಲ್ಲಿ ಒಂದು ಪರದೆ ಮಾಯವಾಗಿ ಇನ್ನೊಂದು ಬರುವಾಗ, ಕಂಪನಿಯವರು ಒಂದು ಸಾಲು ಬಲ್ಬುಗಳನ್ನು ಪ್ರೇಕ್ಷಕರ ಕಡೆಗೇ ತಿರುಗಿಸಿ ಹೊತ್ತಿಸುತ್ತಿದ್ದರಂತೆ. ಜನರ ಕಣ್ಣು ಕುಕ್ಕಿ ಸುಧಾರಿಸಿಕೊಳ್ಳುವಷ್ಟರಲ್ಲಿ ಕೆಲಸ ಮುಗಿದಿರುತ್ತಿತ್ತು. ನಾನು ಒಂದು ಸಾವಿರ ವಾಟಿನ ಎರಡು ಪಾರ್ ಲೈಟುಗಳನ್ನು (ನೇರ ಬೆಳಕು ಹೊಡೆಯುವ ಸ್ಟೇಜ್ ಲೈಟು) ಬಂಡೆಯ ಹಿಂದೆ, ಎರಡು ಅಂಚಿನಲ್ಲಿ, ಪ್ರೇಕ್ಷಕರ ಕಡೆ ಮುಖ ಮಾಡಿ ಕಟ್ಟಿದೆ. ಬಣ್ಣದ ಜೆಲ್ ಹಾಳೆ ಇಲ್ಲ, ಬರೀ ಬಿಳಿ. ಡಿಮ್ಮರ್ ಏರಿಸಿದ ತಕ್ಷಣ ಬಂಡೆಯ ಅಂಚು ಬೆಳ್ಳಗೆ ಉರಿಯಿತು, ಬಂಡೆಯ ಪಕ್ಕದ ನೆಲ ಪೂರ್ತಿ ಕಪ್ಪಾಯಿತು. ಅಲ್ಲಿ ಹುಡುಗ ತೆವಳಿದರೆ ಎರಡನೇ ಸಾಲಿನಿಂದಲೂ ಕಾಣಲಿಲ್ಲ. ನೋಡುವವರಿಗೆ ಅದು ರಣಬಿಸಿಲು. ನಮಗೆ ಅದೇ ಮರೆ. ಗಾಳಿ ಎಷ್ಟು ಬೀಸಿದರೂ ಬಿಸಿಲು ಹಾರಿಹೋಗುವುದಿಲ್ಲ.

ಬೆಂಕಿಯ ವಿಷಯ ಚುಟುಕಾಗಿ ಹೇಳಿಬಿಡುತ್ತೇನೆ, ಅದರಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇಲ್ಲ. ಹೈದರನ ಸೈನ್ಯ ಬರುವಾಗ ಬಯಲಾಟದ ಹಾಗೆ ಪಂಜಿಗೆ ರಾಳ ಎರಚಬೇಕು ಅಂತ ಹಿರಿಯ ನಟರೊಬ್ಬರ ಆಸೆ. ನನಗೂ ಆಸೆಯೇ. ರಕ್ಕಸ ವೇಷ ರಂಗಕ್ಕೆ ಬರುವಾಗ ರಾಳದ ಪುಡಿ ಭಗ್ ಅಂತ ಹೊತ್ತಿ ಇಡೀ ವೇಷ ಕೆಂಪಗೆ ಹೊಳೆಯುವುದನ್ನು ನೋಡಿ ಬೆಳೆದವರು ನಾವು. ರಾಳ ಗಟ್ಟಿ ಉಂಡೆಯಾಗಿದ್ದಾಗ ಮೆಲ್ಲಗೆ ಉರಿಯುತ್ತದೆ, ಪುಡಿ ಮಾಡಿ ಗಾಳಿಗೆ ಎರಚಿದರೆ ಪ್ರತಿ ಕಣಕ್ಕೂ ಗಾಳಿ ಸಿಕ್ಕಿ ಒಂದೇ ಸಲಕ್ಕೆ ಹೊತ್ತುತ್ತದೆ. ಒದ್ದೆ ಗೋಣಿ, ಮರಳಿನ ಬಕೆಟ್ಟು ಎಲ್ಲ ಇಟ್ಟುಕೊಂಡೇ ಒಮ್ಮೆ ಎರಚಿದೆವು. ಗಾಳಿ ಉರಿಯನ್ನು ನಾಲ್ಕಡಿ ಪಕ್ಕಕ್ಕೆ ಎಳೆಯಿತು. ಒಂದು ಕಿಡಿ ನಮ್ಮ ಗೋಣಿಯ ಬಂಡೆಯ ಮೇಲೆ ಕೂತು, ರೂಪಾಯಿ ಅಗಲದ ತೂತು ಸುಟ್ಟಿತು. ಆರಿಸಿದೆವು. ಮತ್ತೆ ಯಾರೂ ರಾಳದ ಸುದ್ದಿ ಎತ್ತಲಿಲ್ಲ. ಫಿರಂಗಿ ಸದ್ದಿಗೆ ಖಾಲಿ ಎಣ್ಣೆ ಡ್ರಮ್ಮು, ಅದರ ಬೆನ್ನಿಗೇ ತೂಗುಹಾಕಿದ ತಗಡಿನ ಹಾಳೆ ಅಲುಗಾಡಿಸುವುದು, ಅಷ್ಟಕ್ಕೇ ಸೈನ್ಯ ಬಂತು.

ಬಂಡೆ ಹದಿನಾಲ್ಕು ಅಡಿ ಅಗಲ, ಎಂಟು ಅಡಿ ಎತ್ತರ. ಬಿದಿರಿನ ಚೌಕಟ್ಟು, ಅದರ ಮೇಲೆ ಕೋಳಿ ಗೂಡಿನ ಜಾಲರಿ, ಮೇಲೆ ಗೋಣಿ, ಮೈದಾ ಅಂಟಿನಲ್ಲಿ ಅದ್ದಿದ ಪೇಪರು, ಬಣ್ಣ. ಕಿಂಡಿ ಒಂದೂವರೆ ಅಡಿ. ಚೌಕಟ್ಟಿನ ಕಾಲಿಗೆ ಮರಳಿನ ಚೀಲ ಕಟ್ಟದಿದ್ದರೆ ಆ ಗಾಳಿಗೆ ಬಂಡೆಯೇ ಜೋಗಿಮಟ್ಟಿ ಗುಡ್ಡದ ಕಡೆ ಹಾರುತ್ತಿತ್ತು, ಹನ್ನೆರಡು ಚೀಲ ಬೇಕಾಯಿತು. ಸುರಂಗಕ್ಕೆ ಹಳೇ ಹತ್ತಿ ಹಾಸಿಗೆ ಹಾಸಿದೆವು. ಏಟು ತಿಂದು ಬಿದ್ದವನನ್ನು ಓಬವ್ವ ಕಾಲು ಹಿಡಿದು ಬಂಡೆಯ ಪಕ್ಕಕ್ಕೆ ಎಳೆಯುತ್ತಾಳೆ, ಅವನು ಸುರಂಗ ಸೇರಿ ತೆವಳಿ, ವೆಲ್ಕ್ರೋ ಹಚ್ಚಿದ ಬೇರೆ ಬಣ್ಣದ ರುಮಾಲು ಸುತ್ತಿಕೊಂಡು ಸಾಲಿಗೆ ನಿಲ್ಲುತ್ತಾನೆ. ಒಂದು ಸುತ್ತಿಗೆ ಮೂವತ್ತೈದು ಸೆಕೆಂಡ್. ಐದು ಜನ ಇರುವುದರಿಂದ ಏಳು ಸೆಕೆಂಡಿಗೊಬ್ಬ ಹೊಸ ಸೈನಿಕ. ಅವನು ಸುರಂಗಕ್ಕೆ ಹೋದ ಜಾಗದಿಂದ ಒಬ್ಬ ಹುಡುಗ ಹುಲ್ಲು ತುಂಬಿದ ಬೊಂಬೆಯನ್ನು ಹೊರಕ್ಕೆ ನೂಕುತ್ತಾನೆ, ಹೆಣದ ರಾಶಿ ಬೆಳೆಯುತ್ತದೆ. ಆ ಐವರಲ್ಲಿ ಇಬ್ಬರು ಪಿಯುಸಿ ಹುಡುಗರು. ಎರಡು ತಿಂಗಳಲ್ಲಿ ಎಷ್ಟು ಸಲ ಸತ್ತಿದ್ದೇವೆ ಅಂತ ಗೋಡೆ ಮೇಲೆ ಗೀಟು ಹಾಕಿ ಲೆಕ್ಕ ಇಟ್ಟಿದ್ದರು.

ಈಗ ಒನಕೆ. ನನಗೆ ಈ ಇಡೀ ಪ್ರಕರಣದಲ್ಲಿ ಅತಿ ಹೆಚ್ಚು ಪಾಠ ಕಲಿಸಿದ್ದು ಇದೇ.

ನಿಜವಾದ ಒನಕೆಯಿಂದ ಹೊಡೆಯುವಂತಿಲ್ಲ, ಅದಂತೂ ಸರಿ. ಬಿದಿರಿನ ತೆಳು ಕೋಲಿಗೆ ಸ್ಪಂಜು ಸುತ್ತಿ, ಮೇಲೆ ಬಟ್ಟೆ ಅಂಟಿಸಿ, ಬಣ್ಣ ಹೊಡೆದು, ತುದಿಗೆ ಕಬ್ಬಿಣದ ಬಳೆಯಂತೆ ಕಾಣುವ ಕರಿ ರಬ್ಬರು ಹಾಕಿ ಒಂದು ಒನಕೆ ಮಾಡಿದೆ. ದೂರದಿಂದ ನೋಡಿದರೆ ಅಸಲಿಯೇ. ಆದರೆ ಓಬವ್ವನ ಪಾತ್ರ ಮಾಡುವ ಹುಡುಗಿ ಅದನ್ನು ಎತ್ತಿದ ಕೂಡಲೇ ಗುಟ್ಟು ರಟ್ಟಾಯಿತು. ಬ್ಯಾಡ್ಮಿಂಟನ್ ಬ್ಯಾಟು ಬೀಸಿದ ಹಾಗೆ ಬೀಸಿದಳು. ಏಟು ಬಿದ್ದವನು ಸಾಯುವ ಹಾಗೆ ನಟಿಸಿದರೂ ನೋಡುವವರಿಗೆ ನಗು. ಒಳಗೆ ಮರಳು ತುಂಬಿ ಭಾರ ಮಾಡಿ ಅಂತ ಯಾರೋ ಹೇಳಿದರು. ಭಾರ ಮಾಡಿದರೆ ಅದು ಆಯುಧವೇ ಆಯಿತಲ್ಲ, ಸ್ಪಂಜು ಯಾಕೆ ಮತ್ತೆ?

ಆ ಹುಡುಗಿ ಅಂಗನವಾಡಿ ಟೀಚರ್. ಅವಳ ಅಜ್ಜಿಯ ಊರು ಹೊಳಲ್ಕೆರೆ ಕಡೆ, ಮನೆಯ ಅಟ್ಟದ ಮೇಲೆ ಹಳೇ ಒನಕೆ ಇತ್ತು. ಎದೆ ಮಟ್ಟಕ್ಕಿಂತ ಎತ್ತರ, ನಡುವೆ ಹಿಡಿ ಸವೆದು ಸಣ್ಣಗಾಗಿತ್ತು. ಅದನ್ನು ತಂದು ದಿನಾ ಸಂಜೆ ರಿಹರ್ಸಲಿಗೆ ಮೊದಲು ಒಂದು ಒರಳಿನಲ್ಲಿ ಅರ್ಧ ಗಂಟೆ ಭತ್ತ ಕುಟ್ಟಿದಳು. ಮೊದಲ ದಿನ ಅಂಗೈ ಬೊಬ್ಬೆ. ಮೂರನೇ ದಿನ ಅಜ್ಜಿಯೇ ಬಂದು ನಿಂತು ಹೇಳಿಕೊಟ್ಟರು: ತೋಳಿನಿಂದ ಎತ್ತಬೇಡ, ಸೊಂಟದಿಂದ ಎತ್ತು. ಬೀಳುವಾಗ ನೂಕಬೇಡ, ಅದರ ಭಾರಕ್ಕೆ ಅದೇ ಬೀಳುತ್ತದೆ. ಮೇಲೆ ಹೋದಾಗ ಒಂದು ಗಳಿಗೆ ನಿಲ್ಲುತ್ತೆ ನೋಡು, ಅಲ್ಲಿ ಉಸಿರು ಹಿಡಿ. ಬಿದ್ದಾಗ ಬಿಡು. ಅಂತ ಹೇಳಿ ತಾವೇ ಸುವ್ವಿ ಹಾಡು ಶುರು ಮಾಡಿಕೊಂಡು, ಪ್ರತಿ ಏಟಿಗೂ "ಹುಸ್" ಅಂತ ಉಸಿರು ಬಿಡುತ್ತಾ, ಎಪ್ಪತ್ತು ದಾಟಿದ ಆ ಮುದುಕಿ ಹತ್ತು ಸಲ ಕುಟ್ಟಿ ತೋರಿಸಿದರು. ನಾನು ಮೂಲೆಯಲ್ಲಿ ವೈರು ಸುತ್ತುತ್ತಿದ್ದವನು ಸುತ್ತುವುದು ಬಿಟ್ಟು ನೋಡಿದೆ.

ಹದಿನೈದು ದಿನ ಕಳೆದ ಮೇಲೆ ಅದೇ ಹುಡುಗಿ ಸ್ಪಂಜಿನ ಒನಕೆ ಎತ್ತಿದಾಗ ಅದಕ್ಕೆ ಆರು ಕೆಜಿ ತೂಕ ಬಂದಿತ್ತು. ಕೋಲು ಬದಲಾಗಿರಲಿಲ್ಲ. ಅವಳ ಸೊಂಟ ಭಾರ ನೆನಪಿಟ್ಟುಕೊಂಡಿತ್ತು.

ಸದ್ದಿಗೂ ಆ ಉಸಿರೇ ಆಧಾರವಾಯಿತು. ಮೊದಲು ನಾನು ರೆಕಾರ್ಡ್ ಮಾಡಿದ ಏಟಿನ ಸದ್ದನ್ನು ಲ್ಯಾಪ್‌ಟಾಪಿನಿಂದ ಬಿಡುತ್ತಿದ್ದೆ. ಪ್ರತಿ ಸಲ ಕಾಲು ಸೆಕೆಂಡ್ ಹಿಂದೆ ಅಥವಾ ಮುಂದೆ. ಡಬ್ಬಿಂಗ್ ಕೆಟ್ಟ ಸಿನಿಮಾ ನೋಡಿದ ಹಾಗೆ. ಅದನ್ನು ಬಿಟ್ಟು ಸೈಡ್ ವಿಂಗ್‌ನಲ್ಲಿ ಒಬ್ಬನನ್ನು ಕೂರಿಸಿದೆವು. ಅವನ ಮುಂದೆ ಮರಳು ತುಂಬಿದ ಒದ್ದೆ ಗೋಣಿಚೀಲ, ಅದರ ಮೇಲೆ ಒಣ ಜೋಳದ ದಂಟು. ಕ್ರಿಕೆಟ್ ಬ್ಯಾಟಿನಿಂದ ಹೊಡೆದರೆ ಚೀಲದಿಂದ ಧಬ್, ದಂಟಿನಿಂದ ಲಟಕ್, ಎರಡೂ ಒಟ್ಟಿಗೆ. ಅವನು ಒನಕೆ ನೋಡುವುದಿಲ್ಲ, ಅವಳ ಭುಜ ನೋಡುತ್ತಾನೆ. ಭುಜ ನಿಂತಿತು ಅಂದ್ರೆ ಉಸಿರು ಹಿಡಿದಳು ಅಂತ, ಇವನೂ ಬ್ಯಾಟು ಎತ್ತಿ ಉಸಿರು ಹಿಡಿಯುತ್ತಾನೆ. ಇಬ್ಬರೂ ಒಟ್ಟಿಗೆ ಬಿಡುತ್ತಾರೆ. ಒಂದೇ ಒಂದು ಮೈಕು, ಗಾಳಿಯ ಸದ್ದು ಸೇರದ ಹಾಗೆ ಅದಕ್ಕೆ ಒಂದು ಹಳೇ ಸಾಕ್ಸ್ ಹಾಕಿದ್ದೆ.

ಇನ್ನು ರಕ್ತ. ಎಲ್ಲರೂ ಮಾಡುವ ಹಾಗೆ ಸಕ್ಕರೆ ಪಾಕಕ್ಕೆ ಕೆಂಪು ಬಣ್ಣ, ಒಂದು ಚಿಟಿಕೆ ಕೋಕೋ ಪುಡಿ ಹಾಕಿ ಸಣ್ಣ ಪ್ಲಾಸ್ಟಿಕ್ ಚೀಲಗಳಲ್ಲಿ ಕಟ್ಟಿ, ಸೈನಿಕರ ರುಮಾಲಿನೊಳಗೆ ಇಟ್ಟೆವು. ಮೂರು ಏಟಿಗೆ ನೆಲವೆಲ್ಲ ಅಂಟು, ತೆವಳುವ ಹಾಸಿಗೆಗೆ ಇರುವೆ, ರುಮಾಲು ಬದಲಿಸಲು ಹೋದರೆ ಕೂದಲಿಗೇ ಮೆತ್ತಿಕೊಂಡಿರುತ್ತದೆ. ಒಬ್ಬ ನಾಲ್ಕು ಸಲ ಸಾಯಬೇಕಾದ ಕಡೆ ಇದು ಆಗುವ ಮಾತಲ್ಲ.

ಮನೆಯಲ್ಲಿ ನನ್ನ ಹೆಂಡತಿ ಯಾರದೋ ಮಗುವಿನ ನಾಮಕರಣಕ್ಕೆ ಆರತಿ ತಟ್ಟೆ ಸಿದ್ಧ ಮಾಡುತ್ತಿದ್ದಳು. ಅರಿಶಿನದ ನೀರಿಗೆ ಒಂದು ಚೂರು ಎಲೆ ಸುಣ್ಣ ಹಾಕಿ ಬೆರಳಲ್ಲಿ ತಿರುವಿದಳು. ಹಳದಿ ನೀರು ನೋಡನೋಡುತ್ತಲೇ ಓಕುಳಿ ಆಯಿತು. ಹುಟ್ಟಿದಾಗಿನಿಂದ ನೋಡಿದ್ದೇ. ಆದರೆ ಆವತ್ತು ತಲೆಯಲ್ಲಿ ರಕ್ತವೇ ತುಂಬಿತ್ತಲ್ಲ, ತಟ್ಟೆ ಕಿತ್ತುಕೊಂಡು ಲೈಟಿನ ಕೆಳಗೆ ಹಿಡಿದೆ. ಅವಳು ಬೈದಳು, ಅದು ಇರಲಿ.

ಅರಿಶಿನದಲ್ಲಿರುವ ಬಣ್ಣದ ಅಂಶ ಕ್ಷಾರ ತಾಗಿದರೆ ಕೆಂಪಾಗುತ್ತದೆ, ಹುಳಿ ತಾಗಿದರೆ ಮತ್ತೆ ಹಳದಿ. ಮನೆಯಲ್ಲಿ ಕುಂಕುಮ ಮಾಡುತ್ತಿದ್ದದ್ದೂ ಇದೇ ದಾರಿಯಲ್ಲಿ. ಪಿಎಚ್ (ಹುಳಿ, ಕ್ಷಾರ ಎಷ್ಟಿದೆ ಅಂತ ಹೇಳುವ ಅಳತೆ) ಸುಮಾರು 8 ದಾಟಿದರೆ ಬಣ್ಣ ತಿರುಗಲು ಶುರು. ಅಡುಗೆ ಸೋಡಾ ಅಲ್ಲಿಗೆ ತಲುಪಿ ಏದುಸಿರು ಬಿಡುತ್ತದೆ, ಬರುವುದು ಮಂಕು ಕಿತ್ತಳೆ. ಸುಣ್ಣದ ತಿಳಿನೀರು 12 ದಾಟುತ್ತದೆ, ಅದರಲ್ಲಿ ಬರುವ ಕೆಂಪು ಒಣಗುತ್ತಿರುವ ರಕ್ತದ ಹಾಗೇ ಕಂದುಗೆಂಪು. ಹಾಗಾಗಿ ನಮ್ಮ ಯೋಜನೆ ಹೀಗಾಯಿತು. ಕಿಂಡಿಯ ಪಕ್ಕದ ಬಂಡೆಯ ಮೇಲೆ ಒಂದು ಹಳೇ ಪಂಚೆಯನ್ನು ಅರಿಶಿನದಲ್ಲಿ ಅದ್ದಿ, ನೆರಳಲ್ಲಿ ಒಣಗಿಸಿ, ಅಲ್ಲಲ್ಲಿ ಕೆಮ್ಮಣ್ಣು ಸವರಿ, ಕಲ್ಲಿನ ಮೇಲೆ ಹಬ್ಬಿದ ಪಾಚಿಯ ಹಾಗೆ ಅಂಟಿಸುವುದು. ಬಿಸಿಲಲ್ಲಿ ಒಣಗಿಸಿದರೆ ಅರಿಶಿನ ಬಿಳಿಚಿಕೊಳ್ಳುತ್ತದೆ, ಒಂದು ಪಂಚೆ ಹಾಗೆ ಹಾಳಾಯಿತು. ಒನಕೆಯ ತುದಿಯ ಸ್ಪಂಜಿಗೆ ಸುಣ್ಣದ ತಿಳಿ. ಏಟು ಸೈನಿಕನಿಗೆ ತಾಗುವುದೇ ಇಲ್ಲ, ಅವನ ತಲೆಯ ಪಕ್ಕದ ಬಂಡೆಗೆ ಬೀಳುತ್ತದೆ. ಅವನು ಬೀಳುತ್ತಾನೆ, ಅವನ ಹಿಂದಿದ್ದ ಕಲ್ಲು ಕೆಂಪಾಗಿರುತ್ತದೆ. ಯಾರ ಮೈಮೇಲೂ ಏನೂ ಇಲ್ಲ, ನೆಲದ ಮೇಲೆ ಅಂಟಿಲ್ಲ, ಇರುವೆ ಇಲ್ಲ. ಬಿಳಿ ಬೆಳಕಿನಲ್ಲೇ ಈ ಬಣ್ಣ ಚೆನ್ನಾಗಿ ಕಾಣುವುದು, ನೀಲಿ ಹಾಕಿದರೆ ಕಪ್ಪು. ಮಧ್ಯಾಹ್ನದ ಬಿಸಿಲು ಇಲ್ಲೂ ಕೈಹಿಡಿಯಿತು.

ರಿಹರ್ಸಲಿನಲ್ಲಿ ಮೂರು ಸಲ ಮಾಡಿದೆವು. ಮೂರು ಸಲವೂ ಸರಿಯಾಗಿ ಬಂತು.

ಪ್ರದರ್ಶನದ ಸಂಜೆ ಮೊದಲ ಸೈನಿಕ ಕಿಂಡಿಯಲ್ಲಿ ತಲೆ ಹಾಕಿದ. ಓಬವ್ವ ಒನಕೆ ಎತ್ತಿದಳು, ಉಸಿರು ಹಿಡಿದಳು, ಬಿಟ್ಟಳು. ಧಬ್, ಲಟಕ್. ಅವನು ಬಿದ್ದ. ಕಲ್ಲು ಹಳದಿಯಾಗೇ ಇತ್ತು. ಸ್ವಲ್ಪ ಒದ್ದೆ ಆಯಿತು ಅಷ್ಟೆ, ಹೆಚ್ಚಂದ್ರೆ ತೆಳು ಕಿತ್ತಳೆ. ಎರಡನೆಯವನು. ಅದೇ ಕಥೆ.

ತಪ್ಪು ನನ್ನದೇ. ಗಡಿಬಿಡಿ ಬೇಡ ಅಂತ ಹಿಂದಿನ ರಾತ್ರಿಯೇ ಸುಣ್ಣದ ತಿಳಿಯನ್ನು ಬಸಿದು ಅಗಲವಾದ ಬೇಸಿನ್ನಿನಲ್ಲಿ ತೆರೆದಿಟ್ಟಿದ್ದೆ. ಒಂದು ಲೀಟರ್ ನೀರಿನಲ್ಲಿ ಸುಣ್ಣ ಕರಗುವುದೇ ಒಂದೂವರೆ ಗ್ರಾಮಿನಷ್ಟು. ತಳದಲ್ಲಿ ಸುಣ್ಣದ ಗಷ್ಟು ಇದ್ದರೆ ಖರ್ಚಾದಷ್ಟು ಮತ್ತೆ ಕರಗುತ್ತದೆ, ನಾನು ಗಷ್ಟು ಬಿಟ್ಟು ತಿಳಿಯನ್ನಷ್ಟೇ ತೆಗೆದಿದ್ದೆ. ರಾತ್ರಿಯಿಡೀ ಗಾಳಿಯಲ್ಲಿನ ಕಾರ್ಬನ್ ಡೈಆಕ್ಸೈಡ್ ಸೇರಿ ಇದ್ದ ಸುಣ್ಣವೆಲ್ಲ ಸೀಮೆಸುಣ್ಣವಾಗಿ ಮೇಲೆ ಕೆನೆ ಕಟ್ಟಿತ್ತು. ಬೆಳಿಗ್ಗೆ ಆ ಬಿಳಿ ಪದರ ನೋಡಿ ಧೂಳು ಅಂದುಕೊಂಡು ಊದಿ ತೆಗೆದಿದ್ದೆ! ಡ್ರೈ ಐಸ್ ವಿಷಯದಲ್ಲಿ ಎಲ್ಲರಿಗೂ ಪಾಠ ಹೇಳಿದ ಮನುಷ್ಯ ಅದೇ ಅನಿಲದ ಕೈಯಲ್ಲಿ ಹೀಗೆ ಸಿಕ್ಕಿಬಿದ್ದ.

ಆಗ ನಾನು ಬಂಡೆಯ ಹಿಂದೆಯೇ ಕೂತಿದ್ದೆ. ಕೈಯಲ್ಲಿ ಗಿಡಕ್ಕೆ ನೀರು ಚಿಮುಕಿಸುವ ಸ್ಪ್ರೇ ಬಾಟಲಿ. ಅದರಲ್ಲಿ ತುರ್ತಿಗೆಂದು ಬೇರೆ ಇಟ್ಟ ತಿಳಿ ಇತ್ತು, ಮುಚ್ಚಳ ಬಿಗಿಯಾಗಿತ್ತು. ಪಂಚೆ ಒಂದೇ ಪದರ, ಅದರ ಹಿಂದೆ ಬರೀ ಜಾಲರಿ, ರಾಳದ ದಿನ ಸುಟ್ಟ ಜಾಗದಲ್ಲಿ ಗೋಣಿ ಕತ್ತರಿಸಿ ತೆಗೆದಿದ್ದೆವು. ಮೂರನೇ ಏಟಿಗೆ, ಅವಳ "ಹುಸ್" ಕೇಳಿದ ಕೂಡಲೇ, ಹಿಂದಿನಿಂದ ಎರಡು ಸಲ ಒತ್ತಿದೆ.

ಮುಂದೆ ಏನು ಕಂಡಿತು ಅಂತ ನನಗೆ ಆಗ ಗೊತ್ತಾಗಲಿಲ್ಲ, ಆಮೇಲೆ ಮೊಬೈಲ್ ವಿಡಿಯೋದಲ್ಲಿ ನೋಡಿದೆ. ಏಟು ಬಿದ್ದ ಕಡೆ ಕಲೆ ಆಗಲಿಲ್ಲ. ಏಟು ಬಿದ್ದು ಒಂದು ಗಳಿಗೆ ಸುಮ್ಮನಿದ್ದು, ಆಮೇಲೆ ಕಲ್ಲಿನ ಒಳಗಿನಿಂದ ಕೆಂಪು ಒಸರಿತು. ಮೆಲ್ಲಗೆ, ಅಂಗೈ ಅಗಲ, ಆಮೇಲೆ ತಟ್ಟೆ ಅಗಲ. ನಾಲ್ಕನೆಯದು, ಐದನೆಯದು. ಹತ್ತನೇ ಏಟಿನ ಹೊತ್ತಿಗೆ ಇಡೀ ಪಂಚೆ ಕೆಂಪು, ಅದರ ಅಂಚಿನಿಂದ ಎರಡು ಧಾರೆ ಕೆಳಗೆ ಇಳಿದಿತ್ತು. ವಿಡಿಯೋದಲ್ಲಿ ಮೊದಲ ಎರಡು ಏಟಿಗೆ ಮಕ್ಕಳ ನಗು, ಶಿಳ್ಳೆ ಕೇಳಿಸುತ್ತದೆ. ಆರನೆಯದರ ನಂತರ ಮೈಕಿನಲ್ಲಿ ಗಾಳಿ, ಉಸಿರು, ಧಬ್, ಅಷ್ಟೇ. ನಾವು ಯೋಜನೆ ಮಾಡಿದ್ದಕ್ಕಿಂತ ಇದು ಚೆನ್ನಾಗಿತ್ತು ಅಂತ ಒಪ್ಪಿಕೊಳ್ಳಲು ನನಗೆ ಒಂದು ವಾರ ಬೇಕಾಯಿತು.

ಹದಿಮೂರನೇ ಏಟಿಗೆ ಕಿಂಡಿಯಿಂದ ಗಾಳಿ ಒಳಕ್ಕೆ ನುಗ್ಗಿ ಸ್ಪ್ರೇ ನನ್ನ ಮುಖಕ್ಕೇ ತಿರುಗಿತು. ಎಡಗಣ್ಣು ಮೆಣಸಿನಕಾಯಿ ಉಜ್ಜಿದ ಹಾಗೆ. ಉಳಿದ ಏಳು ಏಟಿಗೆ ಒಂದೇ ಕಣ್ಣಲ್ಲಿ, ಅಂದಾಜಿನ ಮೇಲೆ ಒತ್ತಿದೆ, ಅದನ್ನು ಮಾಡಬಾರದಿತ್ತು. ಕಣ್ಣಿಗೆ ಸುಣ್ಣ ಬಿದ್ದರೆ ಆ ಕ್ಷಣವೇ ನೀರಿನಲ್ಲಿ ತೊಳೆಯಬೇಕು, ದೃಶ್ಯ ಹಾಳಾಗಿ ಹೋಗಲಿ. ನಾನು ದೃಶ್ಯ ಮುಗಿಸಿ ಇಪ್ಪತ್ತು ನಿಮಿಷ ನಲ್ಲಿಯ ಕೆಳಗೆ ಕಣ್ಣು ಹಿಡಿದು ನಿಂತೆ. ಮರುದಿನ ಕಣ್ಣಿನ ಡಾಕ್ಟರು ಎರಡು ಕಾರಣಕ್ಕೆ ಬೈದರು: ತೊಳೆಯಲು ತಡ ಮಾಡಿದ್ದಕ್ಕೆ ಒಮ್ಮೆ, ಕನ್ನಡಕ ಹಾಕದಿದ್ದಕ್ಕೆ ಒಮ್ಮೆ. ಕಣ್ಣು ಉಳಿದಿದೆ.

ಎರಡನೇ ಪ್ರದರ್ಶನಕ್ಕೆ ಮಾಡಿದ ಬದಲಾವಣೆ ಹೀಗಿವೆ. ಸುಣ್ಣ ಬಿಟ್ಟು ವಾಷಿಂಗ್ ಸೋಡಾ. ಇದೂ ಕ್ಷಾರವೇ, ಕಣ್ಣಿಗೆ ಇದೂ ಒಳ್ಳೆಯದಲ್ಲ, ಆದರೆ ಸುಣ್ಣದಷ್ಟು ಕೆಟ್ಟದ್ದಲ್ಲ, ತೆರೆದಿಟ್ಟರೂ ಒಂದು ರಾತ್ರಿಗೆ ಸತ್ವ ಕಳೆದುಕೊಳ್ಳುವುದಿಲ್ಲ. ಬಣ್ಣ ತುಸು ತಿಳಿ, ನಡೆಯುತ್ತದೆ. ಬಂಡೆಯ ಹಿಂದೆ ಕೂರುವವನಿಗೆ ಸುತ್ತ ಮುಚ್ಚುವ ಕನ್ನಡಕ, ಪಕ್ಕದಲ್ಲಿ ಒಂದು ಕೊಡ ಒಳ್ಳೆ ನೀರು. ಸ್ಪ್ರೇ ಬದಲು ಪೇಂಟ್ ಹೊಡೆಯುವ ರೋಲರ್, ಅದು ಗಾಳಿಗೆ ಹಾರುವುದಿಲ್ಲ. ಒನಕೆಯ ಸ್ಪಂಜಿಗೆ ಏನೂ ಇಲ್ಲ, ಅದು ಒಣಗಿದ್ದೇ ಇರಲಿ. ಬಟ್ಟೆ ಒದ್ದೆ, ಪಕ್ಕದಲ್ಲೇ ಎರಡು ಕಿಲೋವಾಟ್ ಲೈಟು, ಆದ್ದರಿಂದ ಆ ಲೈನಿಗೆ 30 ಮಿಲಿಆಂಪಿನ ಆರ್‌ಸಿಸಿಬಿ, ಅಂದ್ರೆ ಕರೆಂಟು ಸೋರಿದ ಕೂಡಲೇ ಲೈನು ಕಡಿಯುವ ಸ್ವಿಚ್ಚು. ಇದನ್ನು ಮೊದಲ ಪ್ರದರ್ಶನಕ್ಕೂ ಹಾಕಿದ್ದೆ, ಈ ಒಂದು ವಿಷಯದಲ್ಲಿ ನಾನು ಯಾರ ಮಾತೂ ಕೇಳುವುದಿಲ್ಲ, ಬಯಲು ವೇದಿಕೆಯಲ್ಲಿ ಅದಿಲ್ಲದೆ ಲೈಟು ಕಟ್ಟುವವರನ್ನು ಕಂಡರೆ ಜಗಳಕ್ಕೇ ಹೋಗುತ್ತೇನೆ.

ನಿರ್ದೇಶಕರು ಮುಂದಿನ ಸಲ ಒಳಾಂಗಣ ರಂಗಮಂದಿರದಲ್ಲಿ ಮಾಡೋಣ, ಅಲ್ಲಿ ಗಾಳಿ ಇರುವುದಿಲ್ಲ, ಸ್ವಲ್ಪ ಹೊಗೆ ಹಾಕಬಹುದಲ್ವಾ ಅಂತ ಮೊನ್ನೆ ಮೆಲ್ಲಗೆ ಕೇಳಿದರು. ದೊಡ್ಡಪ್ಪನ ಹತ್ತಿರ ಕೇಳಿ ಅಂದೆ.

ಪಂಚೆಯನ್ನು ಹೆಂಡತಿ ಹುಣಸೆ ನೀರಿನಲ್ಲಿ ಅದ್ದಿಟ್ಟಳು. ಅರ್ಧ ಗಂಟೆಯಲ್ಲಿ ರಕ್ತವೆಲ್ಲ ಮತ್ತೆ ಹಳದಿ. ಈಗ ಅಂಗಡಿಯ ಹಿಂದಿನ ಕೋಣೆಯಲ್ಲಿ, ನೆರಳಿನಲ್ಲಿ ಒಣಗುತ್ತಿದೆ.